ಹೊಳೆಯುವ ಪೇಂಟ್ ನೋಡಿ ಹಳೇ ಕಾರ್ಬನ್ ಟ್ರ್ಯಾಕ್ ಸೈಕಲ್ ಕೊಳ್ಳಬೇಡಿ, ನಾನು ಮೋಸ ಹೋದೆ

ಇದನ್ನು ಬರೆಯೋಕೆ ಎರಡು ವಾರ ಬೇಕಾಯಿತು. ಕೋಪಕ್ಕಿಂತ ನಾಚಿಕೆಯೇ ಜಾಸ್ತಿ ಇತ್ತು. ಎಷ್ಟೋ ವರ್ಷಗಳಿಂದ ಹಳೇ ಸೈಕಲ್ ಬಿಚ್ಚಿ ಜೋಡಿಸಿದವನು ನಾನು, "ಸರಿಯಾಗಿ ನೋಡಿ ತಗೊಳ್ಳಿ" ಅಂತ ಊರಿಗೆಲ್ಲ ಹೇಳಿದವನು. ಆದರೆ ನನಗೆ ಸೈಕಲ್ ಮಾರಿ ಮೋಸ ಮಾಡಿದ ಅದೇ ಮನುಷ್ಯ ಈಗ ಇನ್ನೊಂದು ಫ್ರೇಮ್ ಮಾರಾಟಕ್ಕೆ ಹಾಕಿದ್ದಾನೆ. ಅದೇ ಹೊಳೆಯುವ ಕಪ್ಪು ಪೇಂಟ್, ಅದೇ ಮಾತು. ಅದನ್ನು ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಆ ಕಪ್ಪು ಲೋಟಸ್ ಕಾರ್ಬನ್ ಸೈಕಲ್ ಏರಿ, 4000 ಮೀಟರ್ ಪರ್ಸ್ಯೂಟ್ (ಇಬ್ಬರು ಟ್ರ್ಯಾಕ್‌ನ ಎದುರುಬದುರು ಕಡೆಯಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ರೇಸ್) ಫೈನಲ್‌ನಲ್ಲಿ ಎದುರಾಳಿಯನ್ನೇ ಹಿಂದಿನಿಂದ ಹಿಡಿದುಬಿಟ್ಟಿದ್ದನಲ್ಲ, ಅದನ್ನು ನೋಡಿದಾಗಿನಿಂದ ನನಗೆ ಈ ಹುಚ್ಚು. ಲೋಟಸ್ ನಮ್ಮಂಥವರ ಕೈಗೆ ಸಿಗುವುದಲ್ಲ ಬಿಡಿ. ಅದಕ್ಕೂ ಮುಂಚಿನ, ಕಾರ್ಬನ್ ಟ್ಯೂಬ್‌ಗಳನ್ನು ಅಲ್ಯೂಮಿನಿಯಂ ಲಗ್‌ಗಳಿಗೆ (ಟ್ಯೂಬ್‌ಗಳು ಸೇರುವ ಕಡೆ ಇರುವ ಲೋಹದ ಜೋಡಣೆಗಳಿಗೆ) ಅಂಟಿಸಿ ಮಾಡಿದ ಫ್ರೇಮ್‌ಗಳು ಆಗಾಗ ಮಾರಾಟಕ್ಕೆ ಬರುತ್ತವೆ. ನಾನು ಕೊಂಡದ್ದು ಅಂಥದ್ದೇ, ಎಂಬತ್ತರ ದಶಕದ ಕೊನೆಯದು. ಮೂರು ವರ್ಷ ಕೂಡಿಟ್ಟ ದುಡ್ಡು.

"ಪೂರ್ತಿ ಬಿಚ್ಚಿ ರಿಸ್ಟೋರ್ ಮಾಡಿದ್ದು, ಒಂದು ಬಿರುಕೂ ಇಲ್ಲ, ಹತ್ತಿ ಓಡಿಸೋದಷ್ಟೇ ಬಾಕಿ" ಅಂತ ಮಾರುವವನು ಜಾಹೀರಾತಿನಲ್ಲಿ ಬರೆದಿದ್ದ. ಪೇಂಟ್ ಮಾಡೋಕೆ ಮುಂಚಿನ ಫೋಟೋ ಇದೆಯಾ ಅಂತ ಕೇಳಿದೆ. "ಹಳೇ ಫೋನ್‌ನಲ್ಲಿತ್ತು ಸರ್, ಆ ಫೋನ್ ಹೋಯ್ತು" ಅಂದ. ಅಲ್ಲೇ ಬಿಟ್ಟು ಎದ್ದುಬಿಡಬೇಕಿತ್ತು. ಬೇರೆ ಯಾರಾದರೂ ಇದನ್ನು ನನಗೆ ಹೇಳಿದ್ದರೆ ಬಿಟ್ಟುಬಿಡು ಮಾರಾಯ ಅಂತಲೇ ಹೇಳುತ್ತಿದ್ದೆ. "ಇನ್ನಿಬ್ಬರು ಕೇಳ್ತಾ ಇದ್ದಾರೆ" ಅಂದ ತಕ್ಷಣ ದುಡ್ಡು ಕಳಿಸಿದೆ. ಪೂರ್ತಿ ದುಡ್ಡು, ಒಂದೇ ಸಲಕ್ಕೆ.

ಮೊದಲ ಅನುಮಾನ ಬಂದದ್ದು ಸೀಟ್ ಪೋಸ್ಟ್‌ನಿಂದ, ಅಂದರೆ ಸೀಟನ್ನು ಹೊರುವ, ಫ್ರೇಮ್ ಒಳಗೆ ಇಳಿಯುವ ಕೊಳವೆಯಿಂದ. ಒಂದು ಬೆರಳಷ್ಟು ಮೇಲೆತ್ತೋಣ ಅಂತ ಬೋಲ್ಟ್ ಸಡಿಲ ಮಾಡಿದರೆ ಅಲುಗಾಡಲೇ ಇಲ್ಲ. ಕಾರ್ಬನ್‌ಗೆ ಅಲ್ಯೂಮಿನಿಯಂ ನೇರವಾಗಿ ತಾಗಿಕೊಂಡಿದ್ದು ಅದಕ್ಕೆ ಬೆವರೋ ನೀರೋ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಿಳಿ ಪುಡಿ ಕಟ್ಟಿ, ಉಬ್ಬಿ, ಹಾಗೇ ಕಚ್ಚಿಕೊಳ್ಳುತ್ತದೆ. ಹಳೇ ಫ್ರೇಮ್‌ಗಳಲ್ಲಿ ಇದು ಹೊಸದಲ್ಲ. ಆದರೆ ಪೂರ್ತಿ ಬಿಚ್ಚಿದ್ದೆ ಅಂದವನು ಸೀಟ್ ಪೋಸ್ಟನ್ನೇ ತೆಗೆದಿಲ್ಲ ಅಂದರೆ ಇನ್ನೇನು ಬಿಚ್ಚಿದ್ದ? ಕೇಳಿದ್ದಕ್ಕೆ, "ಸ್ವಲ್ಪ ಬಿಗಿ ಇದೆ, ಎಣ್ಣೆ ಬಿಡಿ ಸರ್."

ಆ ರಾತ್ರಿ ಒಂದು ನಾಣ್ಯ ತಗೊಂಡು ಫ್ರೇಮ್ ಪೂರ್ತಿ ತಟ್ಟುತ್ತಾ ಕೂತೆ. ಗಟ್ಟಿ ಇದ್ದಲ್ಲಿ ಟಿಕ್ ಟಿಕ್ ಅಂತ ಚುರುಕಾದ ಸದ್ದು ಬರುತ್ತದೆ. ಕೆಳಗಿನ ಟ್ಯೂಬ್ ಉದ್ದಕ್ಕೂ ಹಾಗೇ ಬಂತು. ಹೆಡ್ ಲಗ್ (ಹ್ಯಾಂಡಲ್ ಕೆಳಗೆ, ಫ್ರೇಮ್‌ನ ಮುಂದಿನ ಜೋಡಣೆ) ಹತ್ತಿರ ಬಂದಾಗ ಎರಡು ಬೆರಳಗಲ ಜಾಗದಲ್ಲಿ ಡಬ್ ಅಂತು. ಮತ್ತೆ ತಟ್ಟಿದೆ. ಮತ್ತೆ ಡಬ್. ಇರಲಾರದು ಅಂದುಕೊಂಡು ಐವತ್ತು ಸಲ ತಟ್ಟಿರಬೇಕು.

ಎಮರಿ ಪೇಪರ್ ಒದ್ದೆ ಮಾಡಿ ಮೆಲ್ಲಗೆ ಉಜ್ಜಿದೆ. ಪೇಂಟ್ ಹೋಯಿತು, ಬೂದು ಬಣ್ಣದ ಪ್ರೈಮರ್ ಹೋಯಿತು. ಅದರ ಕೆಳಗೆ ಕಾರ್ಬನ್ ಇದ್ದರೆ ಕಪ್ಪು ನೀರು ಬರಬೇಕು, ಅಲ್ವಾ? ಸುಣ್ಣದ ನೀರಿನ ಥರ ಬಿಳಿ ನೀರು ಬೆರಳ ಸಂದಿಯಲ್ಲಿ ಇಳಿಯಿತು. ಪುಟ್ಟಿ. ಗೋಡೆಗೆ ಮೆತ್ತಿದ ಹಾಗೆ ಮೆತ್ತಿದ್ದ. ಕೆರೆದು ತೆಗೆದರೆ ಟ್ಯೂಬಿಗೂ ಲಗ್‌ಗೂ ನಡುವೆ ಅಂಟೇ ಬಿಟ್ಟಿತ್ತು, ಸಂದಿಯಲ್ಲಿ ಬಿಳಿ ಪುಡಿ ತುಂಬಿತ್ತು. ಫೋರ್ಕ್ ಹಿಡಿದು ತಿರುಚಿದರೆ ಟ್ಯೂಬ್ ಲಗ್ ಒಳಗೆ ಕೂದಲೆಳೆಯಷ್ಟು ತಿರುಗಿತು. ಕಣ್ಣಾರೆ ನೋಡಿದೆ.

ಆಗ ಕೈ ತಣ್ಣಗಾಯಿತು. ಮುಂದಿನ ವಾರ ಅದನ್ನು ಟ್ರ್ಯಾಕ್‌ಗೆ ಒಯ್ಯುವವನಿದ್ದೆ. 250 ಮೀಟರ್ ಟ್ರ್ಯಾಕ್‌ನ ತಿರುವುಗಳ ಇಳಿಜಾರು 40 ಡಿಗ್ರಿಗೂ ಜಾಸ್ತಿ. ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ), ನಿಲ್ಲಿಸಬೇಕು ಅಂದರೆ ಕಾಲಲ್ಲೇ ತಡೆಯಬೇಕು. ಅಲ್ಲಿ ಹೆಡ್ ಲಗ್ ಬಿಟ್ಟುಕೊಂಡರೆ?

ಫೋಟೋ ಎಲ್ಲ ಕಳಿಸಿದೆ. ಮೊದಲ ಉತ್ತರ: "ನೀವು ಉಜ್ಜಿ ಹಾಳು ಮಾಡಿದ್ದಕ್ಕೆ ನಾನು ಹೊಣೆ ಅಲ್ಲ." ಪುಟ್ಟಿ ಯಾಕೆ ಹಾಕಿದ್ರಿ ಅಂದೆ. "ಫಿನಿಶಿಂಗ್‌ಗೆ ಎಲ್ರೂ ಹಾಕ್ತಾರೆ ಸರ್." ಟ್ಯೂಬ್ ತಿರುಗುತ್ತಿದೆಯಲ್ಲ ಅಂದೆ. "ಹಳೇ ಸೈಕಲ್ ಅಲ್ವಾ, ಇದು ಗೋಡೆಗೆ ನೇತುಹಾಕೋಕೆ, ಓಡಿಸಿ ಅಂತ ನಾನು ಹೇಳಿಲ್ಲ." ಹತ್ತಿ ಓಡಿಸೋದಷ್ಟೇ ಬಾಕಿ ಅಂತ ಬರೆದವನು ಇವನೇ! ಅವನ ಜಾಹೀರಾತನ್ನೇ ಅವನಿಗೆ ಕಳಿಸಿದೆ. ಅದಕ್ಕೆ ಬಂದ ಉತ್ತರ ಓದಿ ಇನ್ನೂ ಉರಿಯಿತು: "ಎಷ್ಟು ಕೆಲಸ ಮಾಡಿದ್ದೀನಿ ಗೊತ್ತಾ, ಹಳೇ ಪೇಂಟನ್ನು ಕೆಮಿಕಲ್ ಹಾಕಿ ಒಂದೇ ದಿನದಲ್ಲಿ ಕಿತ್ತಿದ್ದೀನಿ." ಪೇಂಟ್ ಕೀಳುವ ಕೆಮಿಕಲ್ ಕಾರ್ಬನ್‌ನ ರೆಸಿನ್‌ ಅನ್ನೂ (ಕಾರ್ಬನ್ ಎಳೆಗಳನ್ನು ಹಿಡಿದಿಡುವ ಅಂಟನ್ನೂ) ಮೆತ್ತಗೆ ಮಾಡಿಬಿಡುತ್ತದೆ. ಕಾರ್ಬನ್ ಮೇಲಿನ ಪೇಂಟನ್ನು ತಾಳ್ಮೆಯಿಂದ ಕೈಯಲ್ಲೇ ಉಜ್ಜಿ ತೆಗೆಯಬೇಕು. ಇವನು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾನೆ.

ಕಾರ್ಬನ್ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. ಟ್ಯೂಬ್ ಬಿರುಕು ಬಿಟ್ಟಿದ್ದರೆ ಸುತ್ತಲೂ ಹೊಸ ಕಾರ್ಬನ್ ಸುತ್ತಿ ಸರಿ ಮಾಡಬಹುದಿತ್ತು ಅಂದರು. ಇಲ್ಲಿ ಅಂಟೇ ಹೋಗಿದೆ. ಒಂದು ಜಾಯಿಂಟ್ ಬಿಟ್ಟಿದೆ ಅಂದರೆ ಉಳಿದವೂ ಅಷ್ಟೇ ವಯಸ್ಸಿನವು, ಎಲ್ಲ ಬಿಚ್ಚಿ ಮತ್ತೆ ಅಂಟಿಸಬೇಕು. ಅದರ ಮೇಲೆ ಕೆಮಿಕಲ್ ಬೇರೆ ಕುಡಿದಿರುವ ಟ್ಯೂಬ್. ಅವರು ಕೈಗೆತ್ತಿಕೊಳ್ಳಲಿಲ್ಲ, ನನಗೂ ಒತ್ತಾಯ ಮಾಡೋ ಧೈರ್ಯ ಇರಲಿಲ್ಲ.

ದಯವಿಟ್ಟು ಇಷ್ಟು ಮಾಡಿ. ಹೊಸ ಪೇಂಟ್ ಇರುವ ಹಳೇ ಕಾರ್ಬನ್ ಫ್ರೇಮ್‌ಗೆ ಹಳೇ ಫೋಟೋ ಇಲ್ಲದಿದ್ದರೆ ಮುಟ್ಟಲೇಬೇಡಿ, ಗೀರು ಬಿದ್ದ ಹಳೇ ಪೇಂಟೇ ಎಷ್ಟೋ ಮೇಲು. ಸೀಟ್ ಪೋಸ್ಟ್ ಹೊರಗೆ ತೆಗೆದು ತೋರಿಸಿ ಅನ್ನಿ. ನಾಣ್ಯ ನಿಮ್ಮ ಕೈಯಲ್ಲೇ ಇರಲಿ, ಎದುರಿಗೇ ತಟ್ಟಿ. ಇನ್ನಿಬ್ಬರು ಕಾಯುತ್ತಿದ್ದಾರೆ ಅಂದರೆ ಅವರಿಗೇ ಕೊಡಿ ಅನ್ನಿ.

ಆತ ಈಗ ನನ್ನನ್ನು ಬ್ಲಾಕ್ ಮಾಡಿದ್ದಾನೆ. ಇನ್ನೊಬ್ಬರ ಫೋನ್‌ನಲ್ಲಿ ಆ ಹೊಸ ಜಾಹೀರಾತು ನೋಡಿದೆ. ಹದಿನಾಲ್ಕು ಫೋಟೋ ಹಾಕಿದ್ದಾನೆ, ಹೆಡ್ ಲಗ್‌ನದು ಒಂದೂ ಇಲ್ಲ.