ಪಿಕಪ್ಪಿನ ಹಿಂದಿನ ಆಕ್ಸಲ್ ಸೀಲು: ಅಂಗಳದಲ್ಲಿ ಬದಲಿಸಿ, ಒಂದು ಬೇಸಿಗೆ ಓಡಿಸಿದ ಮೇಲೆ

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಎಡೆ ಚೆಲ್ಲುವ ಚರಗದ ಸಾಮಾನು ಹೇರಿಕೊಂಡು ಆಳಂದ ರಸ್ತೆಯ ಹೊಲಕ್ಕೆ ಹೋಗಿ ಬಂದ ನಮ್ಮ ಪಿಕಪ್, ಮರುದಿನ ಬೆಳಿಗ್ಗೆ ಕಲಬುರಗಿಯ ಮನೆಯಂಗಳದ ಶಹಾಬಾದ್ ಫರಸಿಯ ಮೇಲೆ, ಎಡಬದಿಯ ಹಿಂದಿನ ಗಾಲಿಯ ನೇರಕ್ಕೆ, ಅಂಗೈ ಅಗಲದ ಕಪ್ಪು ಕಲೆಯೊಂದನ್ನು ಬಿಟ್ಟಿತ್ತು. ಗಾಲಿಯ ಒಳಮೈಯಲ್ಲಿ ಎಣ್ಣೆ ಇಳಿದು, ಅದಕ್ಕೆ ಹೊಲದ ಧೂಳು ಅಂಟಿ, ಬೆರಳಿನಿಂದ ಕೆರೆದರೆ ಪದರು ಪದರಾಗಿ ಏಳುತ್ತಿತ್ತು. ಹಿಂದಿನ ಗಾಲಿಗಳ ಅಚ್ಚಿನೊಳಗಿನ, ಅಂದರೆ ಆಕ್ಸಲ್‌ನೊಳಗಿನ, ಎಣ್ಣೆ ಗಾಲಿಯತ್ತ ಸೋರದಂತೆ ತಡೆಯುವ ರಬ್ಬರಿನ ಬಳೆಗಳೇ ಸೀಲುಗಳು. ಇದೇ ಸೀಲುಗಳನ್ನು ದಸರೆಯ ಹೊತ್ತಿಗೆ ಊರಿನ ಒಂದು ಗ್ಯಾರೇಜಿನಲ್ಲಿ ಎರಡೂ ಬದಿಗೆ ಬದಲಿಸಿ, ಕೂಲಿ ಮತ್ತು ಸಾಮಾನು ಸೇರಿ 2,600 ರೂಪಾಯಿ ಕೊಟ್ಟು ಬಂದಿದ್ದೆ. ಮೂರು ತಿಂಗಳು ತುಂಬುವ ಮೊದಲೇ ಮತ್ತೆ ಸೋರಿಕೆ ಶುರುವಾದುದನ್ನು ತಿಳಿಸಿದಾಗ, "ಈಗಿನ ಮಾಲೇ ಹಂಗ ಅದ ನೋಡ್ರಿ" ಎಂಬ ಒಂದು ಮಾತಿನಲ್ಲಿ ಅವರು ಪ್ರಕರಣವನ್ನು ಮುಗಿಸಿದರು. ಆ ಮಾತು ನಿಜವೋ ಸುಳ್ಳೋ ಎಂದು ಸ್ವತಃ ಬಿಚ್ಚಿ ನೋಡುವ ಹಟದಿಂದಲೇ ಈ ಕೆಲಸವನ್ನು ಮನೆಯಲ್ಲಿ ಕೈಗೆತ್ತಿಕೊಂಡೆ.

ಬಿಡಿಭಾಗದ ಅಂಗಡಿಯಿಂದ ವಾಹನದ ಕಂಪನಿಯ ಹೆಸರಿನಲ್ಲೇ ಬರುವ ಎರಡು ಸೀಲುಗಳನ್ನು ಜೋಡಿಗೆ 460 ರೂಪಾಯಿಯಂತೆ ತಂದೆ. ಅದೇ ಅಳತೆಯ ಹೆಸರಿಲ್ಲದ ಸೀಲು ಒಂದಕ್ಕೆ 90 ರೂಪಾಯಿಗೂ ಅಲ್ಲಿ ಸಿಗುತ್ತಿತ್ತು. ಸೀಲು ಕೊಳ್ಳುವವರು ಬಾಯಿಮಾತಿನಲ್ಲಿ ಗಾಡಿಯ ಹೆಸರು ಹೇಳಿ ತರಬಾರದು, ಏಕೆಂದರೆ ಒಂದೇ ಹೆಸರಿನ ಪಿಕಪ್ಪಿನಲ್ಲೂ ತಯಾರಾದ ವರ್ಷ ಮತ್ತು ಹೊರುವ ಭಾರಕ್ಕೆ ತಕ್ಕಂತೆ ಆಕ್ಸಲ್ ಬದಲಾಗಿರುತ್ತದೆ. ಹಳೆಯ ಸೀಲಿನ ಮುಖದ ಮೇಲೆ ಮೂರು ಅಂಕಿಗಳು ಅಚ್ಚಾಗಿರುತ್ತವೆ. ಉದಾಹರಣೆಗೆ 45-65-10 ಎಂದಿದ್ದರೆ ಗಾಲಿ ತಿರುಗಿಸುವ ಸರಳಾದ ಶಾಫ್ಟಿನ ದಪ್ಪ 45 ಮಿಲಿಮೀಟರ್, ಸೀಲು ಕೂರುವ ರಂಧ್ರದ ಅಗಲ 65, ಸೀಲಿನ ದಪ್ಪ 10 ಎಂದು ಅರ್ಥ. ಅಕ್ಷರ ಅಳಿಸಿಹೋಗಿದ್ದರೆ ಹಳೆಯ ಸೀಲನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಬಿಚ್ಚುವ ಮೊದಲು ಸೋರುತ್ತಿರುವುದು ಯಾವ ಎಣ್ಣೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಿಂದಿನ ಗಾಲಿಯ ಡ್ರಮ್ಮಿನೊಳಗೆ ಬ್ರೇಕಿನ ವೀಲ್ ಸಿಲಿಂಡರ್ ಕೂಡ ಇರುವುದರಿಂದ, ಬ್ರೇಕ್ ಆಯಿಲ್ ಸೋರಿದರೂ ಕಲೆ ಅದೇ ಜಾಗದಲ್ಲಿ ಬೀಳುತ್ತದೆ. ಬ್ರೇಕ್ ಆಯಿಲ್ ತೆಳ್ಳಗಿದ್ದು ನೀರಿನಲ್ಲಿ ಬೆರೆಯುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಸುಲಿಯುತ್ತದೆ, ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ. ನಮ್ಮ ಮಿಸ್ತ್ರಿಗಳು ಕ್ರೌನ್ ಆಯಿಲ್ ಎನ್ನುವ, ಆಕ್ಸಲ್‌ನೊಳಗಿನ 90 ನಂಬರಿನ ಗೇರ್ ಆಯಿಲ್ ಆದರೋ ಬೆಲ್ಲದ ಪಾಕದಂತೆ ಮಂದವಾಗಿದ್ದು, ಗಂಧಕದ ವಾಸನೆ ಹೊಡೆಯುತ್ತದೆ. ಆ ವಾಸನೆ ಒಮ್ಮೆ ಬಟ್ಟೆಗೆ ಹತ್ತಿದರೆ ಮೂರು ಒಗೆತಕ್ಕೂ ಬಿಡುವುದಿಲ್ಲ. ಮನೆಯವರ ಆಕ್ಷೇಪಕ್ಕೆ ಮೊದಲೇ ಸಿದ್ಧರಾಗಿರಬೇಕು.

ನಮ್ಮ ಗಾಡಿಯ ಆಕ್ಸಲ್ ಸೆಮಿ ಫ್ಲೋಟಿಂಗ್ ಬಗೆಯದು. ಅಂದರೆ ಗಾಲಿಯನ್ನು ತಿರುಗಿಸುವ ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ. ಬೇರಿಂಗ್ ಆ ಶಾಫ್ಟಿನ ಮೇಲೆಯೇ ಬಿಗಿಯಾಗಿ ಕೂತಿರುತ್ತದೆ, ಅದರ ಒಳಬದಿಗೆ, ಆಕ್ಸಲ್‌ನ ಹೊರಕವಚವಾದ ಹೌಸಿಂಗಿನ ಬಾಯಿಯಲ್ಲಿ, ಸೀಲು ಇರುತ್ತದೆ. ಹೆಚ್ಚು ಭಾರ ಹೊರುವ ಗಾಡಿಗಳ ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಭಾರವನ್ನು ಗಾಲಿಯ ನಡುಭಾಗವಾದ ಹಬ್ಬು ಹೊರುವುದರಿಂದ, ಗಾಲಿಯನ್ನು ನೆಲದ ಮೇಲಿಟ್ಟುಕೊಂಡೇ ಶಾಫ್ಟನ್ನು ಎಳೆದು ತೆಗೆಯಬಹುದು. ಗಾಲಿಯ ನಡುವೆ ಹಬ್ಬಿನ ಮುಖ ಮುಂದಕ್ಕೆ ಚಾಚಿ, ಅದರ ಸುತ್ತ ಬೋಲ್ಟುಗಳ ಇನ್ನೊಂದು ಬಳೆ ಕಂಡರೆ ಅದು ಫುಲ್ ಫ್ಲೋಟಿಂಗ್. ಅಂಥವರಿಗೆ ನಾನು ಮುಂದೆ ಹೇಳುವ ಕ್ರಮ ಹೊಂದುವುದಿಲ್ಲ.

ಫರಸಿಯ ಅಂಗಳವಿರುವವರಿಗೆ ಒಂದು ಎಚ್ಚರಿಕೆಯ ಮಾತು. ಶಹಾಬಾದ್ ಕಲ್ಲು ಹರಡಿಕೊಂಡ ಭಾರವನ್ನು ಎಷ್ಟು ಬೇಕಾದರೂ ತಾಳುತ್ತದೆ, ಆದರೆ ಕೆಳಗೆ ಮಣ್ಣು ಕುಸಿದು ಪೊಳ್ಳಾದ ಕಡೆ ಜಾಕಿನ ಚಿಕ್ಕ ತಳದ ಭಾರ ಒಂದೇ ಬಿಂದುವಿನ ಮೇಲೆ ಬಿದ್ದರೆ ಚಪ್ಪಡಿ ಎರಡು ತುಂಡಾಗುತ್ತದೆ. ಮೊದಲು ಕಲ್ಲನ್ನು ಗೆಣ್ಣಿನಿಂದ ತಟ್ಟಿ, ಪೊಳ್ಳು ಸದ್ದು ಬಾರದ ಜಾಗವನ್ನು ಆರಿಸಿಕೊಂಡು, ಜಾಕು ಮತ್ತು ಸ್ಟ್ಯಾಂಡುಗಳ ಕೆಳಗೆ ಎರಡು ಇಂಚು ದಪ್ಪದ ಜಾಲಿಯ ಹಲಗೆ ಹಾಕಿದೆ. ಡ್ರಮ್ ಕಳಚಲು ಹ್ಯಾಂಡ್‌ಬ್ರೇಕ್ ಬಿಡಲೇಬೇಕು, ಹಿಂದಿನ ಗಾಲಿಗಳು ಎತ್ತಿದ ಮೇಲೆ ಗೇರು ಹಾಕಿಟ್ಟರೂ ಗಾಡಿಯನ್ನು ಹಿಡಿಯುವುದಿಲ್ಲ. ಹೀಗಾಗಿ ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಒಡ್ಡುಗಲ್ಲು ಕೊಡದೆ ಜಾಕ್ ಎತ್ತಬಾರದು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು. ಸ್ಟ್ಯಾಂಡ್ ಜೋಡಿಗೆ ನಾನು ಕೊಟ್ಟ 1,500 ರೂಪಾಯಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಡ್ರಮ್ ತೆಗೆದ ಮೇಲೆ ಶಾಫ್ಟಿನ ಮುಖದಲ್ಲಿರುವ ರಂಧ್ರದ ಮೂಲಕ ಉದ್ದನೆಯ ಸಾಕೆಟ್ ಹಾಯಿಸಿ, ಶಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿಕೊಳ್ಳುತ್ತಾ ಹಿಂದಿನ ನಾಲ್ಕು ನಟ್ಟುಗಳನ್ನು ಬಿಚ್ಚಬೇಕು. ನಂತರವೂ ಶಾಫ್ಟು ಕೈಯಿಂದ ಎಳೆದರೆ ಬರುವುದಿಲ್ಲ. ಅದಕ್ಕೆಂದೇ ಇರುವ ಸ್ಲೈಡ್ ಹ್ಯಾಮರ್ ನನ್ನ ಬಳಿ ಇಲ್ಲದ ಕಾರಣ ಹಳೆಯ ಉಪಾಯವನ್ನೇ ಬಳಸಿದೆ: ಕಳಚಿದ ಡ್ರಮ್ಮನ್ನು ತಿರುವುಮುರುವಾಗಿ ಗಾಲಿಯ ಬೋಲ್ಟುಗಳಿಗೆ ಸಿಕ್ಕಿಸಿ, ನಟ್ಟುಗಳನ್ನು ತುದಿಯಲ್ಲಷ್ಟೇ ಹಿಡಿಸಿ, ಡ್ರಮ್ಮನ್ನು ಎರಡೂ ಕೈಯಿಂದ ರಭಸವಾಗಿ ಹೊರಕ್ಕೆ ಎಳೆದೆ. ಐದನೆಯ ಹೊಡೆತಕ್ಕೆ ಬೇರಿಂಗಿನ ಸಮೇತ ಶಾಫ್ಟು ಸಡಿಲಿತು. ಆಗ ಬ್ರೇಕಿನ ತಟ್ಟೆ ತನ್ನ ಕಬ್ಬಿಣದ ಪೈಪಿನ ಮೇಲೆ ಜೋತು ಬೀಳುವ ಸಂಭವವಿರುವುದರಿಂದ, ಎರಡು ನಟ್ಟುಗಳನ್ನು ಕೂಡಲೇ ಮರಳಿ ಹಾಕಿ ಅದನ್ನು ನಿಲ್ಲಿಸಿದೆ. ಪೈಪು ಮುರಿದರೆ ಸೀಲಿನ ಕೆಲಸ ಬ್ರೇಕಿನ ಕೆಲಸವಾಗಿ ಬೆಳೆಯುತ್ತದೆ.

ಈಗ ಗ್ಯಾರೇಜಿನವರ ಮಾತಿಗೆ ಬರುತ್ತೇನೆ. ಹೊರತೆಗೆದ ಎರಡು ಸೀಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದೆ. ಎಡಬದಿಯದರಲ್ಲಿ, ಶಾಫ್ಟಿಗೆ ತಾಗುವ ರಬ್ಬರಿನ ಅಂಚಾದ ತುಟಿಯ ಬೆನ್ನಿಗೆ ಉಂಗುರದಂತೆ ಸುತ್ತಿರಬೇಕಾದ ಸಣ್ಣ ಸ್ಪ್ರಿಂಗು ತನ್ನ ತೋಡಿನಿಂದ ಎದ್ದು ಒಂದು ಕಡೆ ಜಾರಿತ್ತು, ಲೋಹದ ಹೊರಮೈಯಲ್ಲಿ ಸುತ್ತಿಗೆಯ ಮೂರು ತಗ್ಗುಗಳಿದ್ದವು. ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವುದೇ ಆ ಸ್ಪ್ರಿಂಗು. ನೇರವಾಗಿ ಸುತ್ತಿಗೆಯಿಂದ ಬಡಿದಾಗ ಅದು ಹಾರುವುದು ಸಹಜ. ಇಷ್ಟಕ್ಕೆ ದೋಷ ಪತ್ತೆಯಾಯಿತೆಂದು ಮುಗಿಸುತ್ತಿದ್ದೆನೇನೋ. ಆದರೆ ಬಲಬದಿಯ ಸೀಲಿನಲ್ಲಿ ಯಾವ ದೋಷವೂ ಇರಲಿಲ್ಲ, ತುಟಿ ಮೆತ್ತಗೆ, ಅಂಚು ಚೂಪಾಗಿ, ಸ್ಪ್ರಿಂಗು ತನ್ನ ಜಾಗದಲ್ಲೇ ಇತ್ತು, ಆದರೂ ಆ ಬದಿಯ ಡ್ರಮ್ಮಿನೊಳಗೂ ಎಣ್ಣೆಯ ಪಸೆ ಇತ್ತು. ಸರಿಯಾದ ಸೀಲನ್ನು ದಾಟಿ ಎಣ್ಣೆ ಹೇಗೆ ಬಂತು ಎಂಬ ಪ್ರಶ್ನೆ ಆ ಮಧ್ಯಾಹ್ನವನ್ನೆಲ್ಲ ತಿಂದಿತು.

ಉತ್ತರ ಹೌಸಿಂಗಿನ ಬೆನ್ನ ಮೇಲಿತ್ತು. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಗಾತ್ರದ, ಟೋಪಿಯಂಥ ಒಂದು ತಿರುಪು ಇರುತ್ತದೆ; ಅದಕ್ಕೆ ಬ್ರೀದರ್ ಎನ್ನುತ್ತಾರೆ, ಆಕ್ಸಲ್ ಉಸಿರಾಡುವುದು ಅದರಿಂದಲೇ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಸಿಡಿದ ಎರೆಮಣ್ಣು ಅದರೊಳಗೆ ಹೊಕ್ಕು, ಒಣಗಿ, ಕಲ್ಲಾಗಿತ್ತು. ನಮ್ಮ ಕಡೆಯ ಎರೆಮಣ್ಣಿನ ಗುಣ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಹಸಿಯಿದ್ದಾಗ ಅಂಟು, ಒಣಗಿದಾಗ ಇಟ್ಟಿಗೆ. ತೊಗರಿಯ ಚೀಲ ಹೇರಿಕೊಂಡು ನೆಹರು ಗಂಜ್ ಮಾರುಕಟ್ಟೆಗೆ ಹೋಗುವಾಗ ಗೇರುಗಳ ಉಜ್ಜಾಟದಿಂದ ಆಕ್ಸಲ್‌ನ ಎಣ್ಣೆ, ಗಾಳಿ ಎರಡೂ ಕಾಯುತ್ತವೆ. ಒಳಗಿನ ಗಾಳಿ 25 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ, ಹೊರಗೆ ಹೋಗಲು ದಾರಿಯಿಲ್ಲದಿದ್ದಲ್ಲಿ ಅದರ ಒತ್ತಡ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಏರುತ್ತದೆ, ಅಂದರೆ ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ ಸುಮಾರು ಮೂರು ಪೌಂಡ್. ಟಯರಿಗೆ ಮೂರು ಪೌಂಡ್ ಏನೂ ಅಲ್ಲ, ಆದರೆ ಎಣ್ಣೆ ಚಿಮ್ಮದಂತೆ ತಡೆಯಲೆಂದಷ್ಟೇ ಮಾಡಿದ ರಬ್ಬರಿನ ತುಟಿಗೆ ಅದು ದೊಡ್ಡ ನೂಕು. ಗಾಡಿ ತಣ್ಣಗಾದಾಗ ಇದಕ್ಕೆ ತದ್ವಿರುದ್ಧವಾಗಿ ಒಳಗೆ ಸೆಳೆತ ಹುಟ್ಟಿ, ತುಟಿಯ ಸುತ್ತಲಿನ ಧೂಳನ್ನೂ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ದಸರೆಯಲ್ಲಿ ಆ ಮಿಸ್ತ್ರಿ ಗಾಡಿಯ ಕೆಳಗೆ ಮಲಗಿ ಈ ಟೋಪಿಯನ್ನು ಎರಡು ಬೆರಳಿನಿಂದ ತಿರುಗಿಸಿ ನೋಡಿದ್ದರೆ ಸಾಕಿತ್ತು. ಮಾಲಿನ ಮೇಲೆ ಹೊರಿಸಿದ ಅಪವಾದ ಪೂರ್ತಿ ಸುಳ್ಳು ಎಂದು ಈಗ ನಾನು ಹೇಳಬಲ್ಲೆ.

ಹೊಸ ಸೀಲಿನ ಗುಣಮಟ್ಟದ ವಿಷಯ. ಹೆಸರಿಲ್ಲದ ಸೀಲನ್ನೂ ಒಂದು ಕೊಂಡು, ಪಕ್ಕದಲ್ಲಿಟ್ಟು ಹೋಲಿಸಿದೆ. ಕಂಪನಿಯದರ ಲೋಹದ ಚಿಪ್ಪಿನ ಮೇಲೆ ರಬ್ಬರಿನ ತೆಳುಪದರ ಇದೆ, ಇದರಿಂದ ಹೌಸಿಂಗಿನ ಬಾಯಿಯಲ್ಲಿರುವ ಸಣ್ಣಪುಟ್ಟ ಗೀರುಗಳು ಮುಚ್ಚಿಹೋಗುತ್ತವೆ. ಮುಖ್ಯ ತುಟಿಯ ಹೊರಗೆ ಧೂಳು ತಡೆಯುವ ಇನ್ನೊಂದು ತೆಳ್ಳನೆಯ ತುಟಿಯೂ ಇದೆ. 90 ರೂಪಾಯಿಯದರಲ್ಲಿ ಬರಿಯ ಲೋಹದ ಚಿಪ್ಪು, ಒಂದೇ ತುಟಿ, ಅಚ್ಚಿನಿಂದ ತೆಗೆದಾಗ ಉಳಿದ ರಬ್ಬರಿನ ಎಳೆ ಅಂಚಿನಲ್ಲಿ ಹಾಗೆಯೇ ಇತ್ತು. ಎರಡೂ ನೈಟ್ರೈಲ್ ರಬ್ಬರಿನವೇ. ಧೂಳಿನ ಈ ಜಿಲ್ಲೆಯಲ್ಲಿ ಎರಡನೆಯ ತುಟಿಯೊಂದಕ್ಕೇ ಹೆಚ್ಚಿನ 140 ರೂಪಾಯಿ ಸಲ್ಲುತ್ತದೆ ಎಂಬುದು ನನ್ನ ತೀರ್ಮಾನ.

ಎಡ ಶಾಫ್ಟಿನಲ್ಲಿ ತುಟಿ ಓಡುವ ಜಾಗದ ಮೇಲೆ ಉಗುರನ್ನು ಎಳೆದಾಗ ಒಂದು ಕಡೆ ತಡೆಯಿತು. ವರ್ಷಗಟ್ಟಲೆ ಉಜ್ಜಿ ಕೂದಲೆಳೆಯಷ್ಟು ಗೆರೆ ಬಿದ್ದಿತ್ತು. ಆಳವಾದ ಗೆರೆಯಾಗಿದ್ದರೆ ಅದರ ಮೇಲೆ ತೆಳುವಾದ ಉಕ್ಕಿನ ತೋಳು ತೊಡಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ನಮ್ಮದು ಅಷ್ಟು ಕೆಟ್ಟಿರಲಿಲ್ಲವಾದ್ದರಿಂದ, 600 ನಂಬರಿನ ಪಾಲಿಶ್ ಕಾಗದವನ್ನು ಎಣ್ಣೆಯಲ್ಲಿ ಅದ್ದಿ ಶಾಫ್ಟಿನ ಸುತ್ತಲೂ ಮಾತ್ರ ಉಜ್ಜಿದೆ. ಉದ್ದಕ್ಕೆ ಉಜ್ಜಿದರೆ ಗೀರುಗಳೇ ಎಣ್ಣೆಗೆ ಕಾಲುವೆಯಾಗುತ್ತವೆ. ಹೌಸಿಂಗಿನ ಬಾಯಿಯಲ್ಲಿ ಜಾಗ ಉಳಿದಿದ್ದುದರಿಂದ ಹೊಸ ಸೀಲನ್ನು ಹಳೆಯದಕ್ಕಿಂತ ಎರಡು ಮಿಲಿಮೀಟರ್ ಹೊರಗೆ ಕೂರಿಸಿದೆ, ತುಟಿ ಹೊಸ ಮೈಯ ಮೇಲೆ ಓಡಲೆಂದು. ಕೂರಿಸುವಾಗ ಸ್ಪ್ರಿಂಗಿನ ಮುಖ ಎಣ್ಣೆಯ ಕಡೆಗಿರಬೇಕು. ಸೀಲಿನ ಹೊರಸುತ್ತಿಗೆ ಸರಿಹೊಂದುವ ಪೈಪಿನ ತುಂಡನ್ನು ಮೇಲಿಟ್ಟು, ಅದರ ಮೇಲೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಹೋದಾಗ, ಮೊದಲು ಮಂದವಾಗಿದ್ದ ಸದ್ದು ಸೀಲು ಬಿಗಿಯುತ್ತಿದ್ದಂತೆ ಗಟ್ಟಿಯಾಗುವುದನ್ನು ಕಿವಿಯಿಂದಲೇ ಗುರುತಿಸಬಹುದು. ತುಟಿಗೆ ಗ್ರೀಸು ಸವರಿ, ಶಾಫ್ಟಿನ ಹಲ್ಲುಗಳು ತುಟಿಯನ್ನು ತರಚದಂತೆ ಇನ್ನೊಬ್ಬರಿಂದ ತುದಿಯನ್ನು ಎತ್ತಿ ಹಿಡಿಸಿಕೊಂಡು ಒಳಕ್ಕೆ ಸರಿಸಬೇಕು. ಈ ಒಂದು ಗಳಿಗೆಗೆ ಎರಡನೆಯ ಆಳು ಅನಿವಾರ್ಯ. ನನಗೆ ಎದುರುಮನೆಯ ಕಾಲೇಜು ಹುಡುಗ ನೆರವಾದ.

ಎಡಬದಿಯ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಹೊಕ್ಕಂತೆ ಕರಕರ ಎನ್ನುತ್ತಿತ್ತು. ಸೋರಿದ ಗೇರ್ ಆಯಿಲ್ ಅದರ ಗ್ರೀಸನ್ನೆಲ್ಲ ತೊಳೆದುಹಾಕಿತ್ತು. ಬೇರಿಂಗನ್ನು ಹಿಡಿದಿರುವ ಉಕ್ಕಿನ ಬಳೆಯನ್ನು ಮನೆಯಲ್ಲಿ ಕೀಳುವ ಸಾಹಸ ಬೇಡವೆಂದು ಹುಮನಾಬಾದ್ ರಸ್ತೆಯ ಲೇತ್ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ಹಿರಿಯರು ಬಳೆಯನ್ನು ಗ್ರೈಂಡರಿನಿಂದ ಮುಕ್ಕಾಲು ಭಾಗ ಮಾತ್ರ ಕೊಯ್ದು, ಶಾಫ್ಟಿಗೆ ಕಲ್ಲು ತಾಗದಂತೆ ನಿಲ್ಲಿಸಿ, ಉಳಿದುದನ್ನು ಉಳಿಯ ಒಂದೇ ಏಟಿಗೆ ಸೀಳಿದರು. ಹಳೆಯ ಬಳೆಯನ್ನೇ ಮತ್ತೆ ಹಾಕುತ್ತೀರಾ ಎಂದು ಪರೀಕ್ಷಿಸಲು ಕೇಳಿದ್ದಕ್ಕೆ, "ಗಾಲಿ ಹೊಲ್ದಾಗ ಬೀಳ್ಬೇಕೇನ್ರಿ?" ಎಂದು ನಕ್ಕು, ಹೊಸದನ್ನೇ ತರಿಸಿ, ಕಾಯಿಸಿ, ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದರು. ಕೂಲಿ 350 ರೂಪಾಯಿ, ಹಿಡಿದ ಸಮಯ ಮುಕ್ಕಾಲು ಗಂಟೆ. ಇಡೀ ಕೆಲಸದಲ್ಲಿ ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದುದು ಇದು.

ಎಣ್ಣೆ ಕುಡಿದ ಬ್ರೇಕ್ ಲೈನರುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು, ಮರಳಿ ಹಾಕುವ ಪದ್ಧತಿ ಇಲ್ಲಿ ಇನ್ನೂ ಇದೆ. ಅವು ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುವುದರಿಂದ ಎರಡೂ ಬದಿಯವನ್ನು 1,150 ರೂಪಾಯಿಗೆ ಹೊಸದಾಗಿ ಹಾಕಿದೆ. ಬ್ರೀದರನ್ನು ತಂತಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಬಾಯಿಯಿಂದ ಊದಿದರೆ ಗಾಳಿ ಹೋಗುವಷ್ಟು ಸ್ವಚ್ಛ ಮಾಡಿದೆ. ಗೇರ್ ಆಯಿಲ್ ಬದಲಿಸುವಾಗ ಮೇಲಿನ ತುಂಬುವ ಬಿರಡೆ ಬಿಚ್ಚುತ್ತದೆಂದು ಖಾತ್ರಿಯಾದ ಮೇಲೆಯೇ ಕೆಳಗಿನದನ್ನು ಬಿಚ್ಚಬೇಕು, ಇಲ್ಲವಾದರೆ ಬರಿದಾದ ಆಕ್ಸಲ್‌ನೊಂದಿಗೆ ಕೂರಬೇಕಾಗುತ್ತದೆ. ಗಾಡಿ ಸಮತಟ್ಟಾಗಿ ನಿಂತಾಗ ಎಣ್ಣೆ ಆ ಮೇಲಿನ ರಂಧ್ರದ ಕೆಳ ಅಂಚಿಗೆ ಬಂದರೆ ಸಾಕು; ಅದಕ್ಕಿಂತ ಹೆಚ್ಚು ತುಂಬಿದರೆ ಹೊಸ ಸೀಲಿಗೂ ಹಳೆಯ ಗತಿಯೇ.

ಫೆಬ್ರುವರಿಯಿಂದ ಜೂನಿನ ಮೊದಲ ವಾರದವರೆಗೆ ಗಾಡಿ 5,200 ಕಿಲೋಮೀಟರ್ ಓಡಿದೆ, ಅದರಲ್ಲಿ 42 ಡಿಗ್ರಿ ದಾಟಿದ ಮೇ ತಿಂಗಳ ಮಧ್ಯಾಹ್ನಗಳೂ ಸೇರಿವೆ. ಎರಡೂ ಡ್ರಮ್ಮುಗಳನ್ನು ಕಳೆದ ಭಾನುವಾರ ಬಿಚ್ಚಿ ನೋಡಿದೆ. ಲೈನರಿನ ಒಣ ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಸೀಲಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಅಂಕ ಪೊಟ್ಟಣಕ್ಕೆ: ಹೊರಗೆ ಬರಿಯ ಪಾರ್ಟ್ ನಂಬರ್ ಇದೆ, ಅಳತೆ ಇಲ್ಲ, ಅಂಗಡಿಯವರು ಮೊದಲ ಸಲ ಬೇರೆಯದನ್ನೇ ಕೊಟ್ಟು ನನ್ನನ್ನು ಎರಡು ಬಾರಿ ಓಡಾಡಿಸಿದರು. ಫರಸಿಯ ಮೇಲಿನ ಕಲೆಗೆ ಸೋಡಾ, ಸೀಮೆಎಣ್ಣೆ, ಒಲೆಯ ಬೂದಿ ಎಲ್ಲವನ್ನೂ ಪ್ರಯೋಗಿಸಿಯಾಯಿತು. ಕಲ್ಲು ಹೀರಿಕೊಂಡ ಎಣ್ಣೆ ಇನ್ನೂ ಅಲ್ಲೇ ಇದೆ, ಅದರ ಮೇಲೆ ಈಗ ತುಳಸಿಯ ಕುಂಡ ಇಟ್ಟಿದ್ದೇವೆ.