ಹೊಸ ಬಣ್ಣದ ‘ಬಾಬಿ’ಯನ್ನು ಕೊಂಡು ನಾನು ಮೋಸಹೋದ ಬಗೆ

ರಾಜದೂತ್ ಜಿಟಿಎಸ್ 175, ಅಂದರೆ ಜನರ ಬಾಯಲ್ಲಿ ‘ಬಾಬಿ’ ಎಂದೇ ಉಳಿದಿರುವ ಆ ಗಿಡ್ಡ ಬೈಕನ್ನು, ‘ಪೂರ್ತಿ ರೆಸ್ಟೋರ್ ಆಗಿರುವ ಒರಿಜಿನಲ್ ಗಾಡಿ’ ಎಂಬ ಮಾತು ನಂಬಿ ಕೊಳ್ಳಲು ಹೊರಟಿರುವವರು ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. 2024ರ ನವೆಂಬರಿನಲ್ಲಿ ನಾನು ಅಂಥದೊಂದು ಗಾಡಿಗೆ 1,85,000 ರೂಪಾಯಿ ತೆತ್ತೆ. ಇಂದು ಅದು ತುಮಕೂರಿನ ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿದೆ. ಅದನ್ನು ರಸ್ತೆಗೆ ಇಳಿಸುವಂತಿಲ್ಲ, ಮಾರುವಂತಿಲ್ಲ, ಬೇಸತ್ತು ಗುಜರಿಗೆ ಹಾಕುವಂತೆಯೂ ಇಲ್ಲ.

ನಾನೇಕೆ ಮೋಸಹೋದೆನೆಂಬುದನ್ನು ಹೇಳಬೇಕಾದರೆ ನನ್ನ ಸೋದರಮಾವನ ವಿಷಯ ಹೇಳಲೇಬೇಕು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಆತ ಆರಡಿ ಎತ್ತರದ ಆಳು. ಅಂಥವನು ಆ ಪುಟ್ಟ ಚಕ್ರಗಳ ಗಾಡಿಯ ಮೇಲೆ ಮೊಣಕಾಲನ್ನು ಹೊರಕ್ಕೆ ಚಾಚಿ ಕೂತು ಮಂಡಿಗೆ ಹೋಗುವುದನ್ನು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. 1973ರಲ್ಲಿ ಬಂದ ಹಿಂದಿ ಚಿತ್ರದಲ್ಲಿ ರಿಷಿ ಕಪೂರ್ ಮತ್ತು ಡಿಂಪಲ್ ಕಪಾಡಿಯಾ ಈ ಗಾಡಿಯನ್ನೇರಿದ್ದರಿಂದ ಅದಕ್ಕೆ ಚಿತ್ರದ ಹೆಸರೇ ಅಂಟಿಕೊಂಡಿತು. ಗಾಡಿ ತಯಾರಿಸುತ್ತಿದ್ದ ಎಸ್ಕಾರ್ಟ್ಸ್ ಸಂಸ್ಥೆಯ ನಂದಾ ಮನೆತನಕ್ಕೂ ಚಿತ್ರ ನಿರ್ದೇಶಿಸಿದ ರಾಜ್ ಕಪೂರರ ಮನೆಗೂ ಬೀಗತನವಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎಂಜಿನ್ ಮಾತ್ರ ಹಾಲಿನ ಕ್ಯಾನುಗಳನ್ನು ಹೊರುತ್ತಿದ್ದ ಸಾಮಾನ್ಯ ರಾಜದೂತಿನದೇ, 173 ಸಿಸಿಯ ಟೂ-ಸ್ಟ್ರೋಕ್. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ನಡೆದ ಮೋಸದ ಬೇರು ಇಲ್ಲಿಯೇ ಇದೆ. ಭಾನುವಾರ ಬೆಳಿಗ್ಗೆ ಮಾವ ಪ್ಲಗ್ಗನ್ನು ಬಿಚ್ಚಿ, ಅದರ ಕರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಾಯಿಂದ ಊದಿ, ನನ್ನ ಅಂಗೈಯಲ್ಲಿಡುತ್ತಿದ್ದ. ಆಮೇಲೆ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ರೈಲು ನಿಲ್ದಾಣದವರೆಗೆ ಒಂದು ಸುತ್ತು. ನಂಬರು ಎಂವೈ ಎಂದು ಆರಂಭವಾಗುತ್ತಿದ್ದ ಆ ಗಾಡಿಯನ್ನು ಆತ ಎಂಬತ್ತರ ದಶಕದ ಕೊನೆಯಲ್ಲಿ ಯಾರಿಗೋ ಎರಡೂವರೆ ಸಾವಿರಕ್ಕೆ ಕೊಟ್ಟುಬಿಟ್ಟ ದಿನ ನಾನು ಊಟ ಮಾಡಲಿಲ್ಲವಂತೆ.

ಮಿನಿಬೈಕಿನ ಹುಚ್ಚು ನಮ್ಮದೊಂದೇ ನಾಡಿನದಲ್ಲ. ಜಪಾನಿನ ಹೋಂಡಾದವರು 1961ರಲ್ಲಿ ತಮ್ಮ ತಮಾ ಟೆಕ್ ವಿನೋದೋದ್ಯಾನಕ್ಕೆ ಬರುವ ಮಕ್ಕಳಿಗಾಗಿ ಮಾಡಿದ ಪುಟ್ಟ ಬೈಕು ಮುಂದೆ ‘ಮಂಕಿ’ ಎಂಬ ಹೆಸರಿನಲ್ಲಿ ಲೋಕವನ್ನೇ ಸುತ್ತಿತು. ನಮ್ಮಲ್ಲಿ ಲೂನಾ, ಸುವೇಗಾಗಳಂಥ ಪೆಡಲಿನ ಮೊಪೆಡ್ಡುಗಳು ಮನೆಮನೆಗೂ ಬಂದವು. ಆದರೆ ನಿಜವಾದ ಗೇರುಗಳಿರುವ ಗಿಡ್ಡ ಬೈಕೆಂದರೆ ಬಾಬಿಯೇ. ಅದು ಹೆಚ್ಚು ಮಾರಾಟವಾಗಲಿಲ್ಲ. ಹಾಗಾಗಿಯೇ ಈಗ ಅಸಲಿ ಗಾಡಿ ಸಿಗುವುದು ಕಡಿಮೆ, ಕೇಳುವವರು ಹೆಚ್ಚು, ಮತ್ತು ಸಾಮಾನ್ಯ ರಾಜದೂತನ್ನು ಕತ್ತರಿಸಿ ಬಾಬಿ ಮಾಡುವ ಕಸುಬು ಲಾಭದಾಯಕ.

ನಾನು ಕಂಡ ಜಾಹೀರಾತಿನ ಚಿತ್ರದಲ್ಲಿ ಗಾಡಿ ಮದುಮಗಳಂತೆ ಹೊಳೆಯುತ್ತಿತ್ತು. ಮಾರುವವನು ಹೊರರಾಜ್ಯದ ಒಂದು ನಗರದ ಗ್ಯಾರೇಜಿನವನು. ಅವನ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ಪ್ರಕರಣ ಇನ್ನೂ ಮುಗಿದಿಲ್ಲ. ಫೋನಿನಲ್ಲಿ ಅವನು ಎಷ್ಟು ಸಲೀಸಾಗಿ ಮಾತನಾಡಿದನೆಂದರೆ, ನಾನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಅವನೇ ಕೇಳಿ ಅವನೇ ಉತ್ತರಿಸಿದ. 1974ರ ಗಾಡಿ, ಆರ್‌ಸಿ ಪುಸ್ತಕ ಗೆದ್ದಲು ತಿಂದಿದ್ದರಿಂದ ಲ್ಯಾಮಿನೇಟ್ ಮಾಡಿಸಿದ ಜೆರಾಕ್ಸ್ ಇದೆ, ಎನ್‌ಒಸಿ, ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ‘ಬರುತ್ತಿದೆ’, ಗಾಡಿಗೆ 50 ವರ್ಷ ತುಂಬಿರುವುದರಿಂದ ನೀವು ನಿಮ್ಮೂರಿನಲ್ಲಿಯೇ ವಿಂಟೇಜ್ ನಂಬರ್ ಮಾಡಿಸಿಕೊಳ್ಳಬಹುದು ಎಂದ. ಬಣ್ಣ ಬಳಿಯುವ ಮುಂಚಿನ ಫೋಟೋಗಳಿವೆಯೇ ಎಂದು ನಾನು ಒಮ್ಮೆ ಕೇಳಿದ್ದುಂಟು. ‘ಫೋನ್ ಕಳೆದುಹೋಯಿತು ಸಾರ್’ ಎಂಬ ಉತ್ತರಕ್ಕೆ ‘ಅಯ್ಯೋ ಪಾಪ’ ಎಂದೆ! ಹಣವನ್ನು ಎರಡು ಬೇರೆ ಬೇರೆ ಖಾತೆಗಳಿಗೆ ಹಾಕಿಸಿಕೊಂಡು, ತೆರಿಗೆಯ ತೊಂದರೆ ಬಾರದಿರಲೆಂದು ಟಿಪ್ಪಣಿಯ ಜಾಗದಲ್ಲಿ ‘ಕೈಸಾಲ ವಾಪಸು’ ಎಂದು ಬರೆಯಲು ಹೇಳಿದ. ಹಾಗೆಯೇ ಬರೆದೆ. ಇಪ್ಪತ್ತೆಂಟು ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದವನು ನಾನು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಕ್ಕುಬಿಡುತ್ತಿದ್ದೆ.

ಲಾರಿಯಿಂದ ಇಳಿದ ಗಾಡಿ ಮೂರನೆಯ ಕಿಕ್ಕಿಗೆ ಶುರುವಾಯಿತು. ಆ ನೀಲಿ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಆದರೆ ಮೊದಲ ದಿನವೇ ಒಂದು ಸೂಚನೆ ಇತ್ತು: ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೂ ಎಂಜಿನ್ನಿನ ವೇಗ ತಕ್ಷಣ ಇಳಿಯುತ್ತಿರಲಿಲ್ಲ, ಕೂಗುತ್ತಲೇ ಇದ್ದು ನಿಧಾನವಾಗಿ ತಗ್ಗುತ್ತಿತ್ತು. ಕೇಬಲ್ ಬಿಗಿಯಾಗಿರಬೇಕೆಂದುಕೊಂಡು ಎಣ್ಣೆ ಬಿಟ್ಟು ಸುಮ್ಮನಾದೆ. ಮೂರನೆಯ ಭಾನುವಾರ ಗುಬ್ಬಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಂಡು ಗಾಡಿ ಅಡ್ಡಡ್ಡ ಜಾರಿತು. ಕ್ಲಚ್ ಒತ್ತಬೇಕೆಂಬುದು ಕೈಗೆ ಹೊಳೆದದ್ದರಿಂದ ಬಚಾವಾದೆ. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ಬೈದದ್ದು ಈಗಲೂ ಕಿವಿಯಲ್ಲಿದೆ.

ಜಾಮಾದ ಗಾಡಿಯನ್ನು ಟೆಂಪೋಗೆ ಹಾಕಿ ಮೈಸೂರಿಗೆ ಕೊಂಡೊಯ್ದೆ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಊರು ಅದು. ಟೂ-ಸ್ಟ್ರೋಕ್ ಎಂಜಿನ್ನಿನ ನಾಡಿ ಹಿಡಿಯಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ಇಂದಿಗೂ ಅಲ್ಲಿದ್ದಾರೆ. ನಾನು ಹೋದವರು ಎಪ್ಪತ್ತು ದಾಟಿದವರು. ಎಂಜಿನ್ ಬಿಚ್ಚುವ ಮೊದಲೇ, ಆಕ್ಸಿಲರೇಟರ್ ಬಿಟ್ಟರೂ ಕೂಗುತ್ತಿತ್ತಲ್ಲವೇ ಎಂದು ಕೇಳಿದರು. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು, ಆಯಿಲ್ಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸೆಂಬ ಗೂಡಿಗೆ ಬಂದು, ಅಲ್ಲಿಂದ ಒತ್ತಡದಲ್ಲಿ ಸಿಲಿಂಡರಿಗೆ ಏರುವುದರಿಂದ ಆ ಗೂಡು ಗಾಳಿಯಾಡದಂತೆ ಭದ್ರವಾಗಿರಬೇಕು. ಕ್ರ್ಯಾಂಕಿನ ಸೀಲು ಸವೆದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ ಎಂದು ಮಗುವಿಗೆ ಹೇಳುವಂತೆ ವಿವರಿಸಿದರು. ಬಿಚ್ಚಿ ನೋಡಿದರೆ ಒಂದು ಬದಿಯ ಸೀಲಿನ ರಬ್ಬರು ಬಿಸ್ಕತ್ತಿನಂತೆ ಪುಡಿಯಾಯಿತು. ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂತೆ ಉದ್ದುದ್ದ ಗೆರೆಗಳಿದ್ದವು. ಟ್ಯಾಂಕಿನ ತಳದಲ್ಲಿ ತುಕ್ಕು ಮುಚ್ಚಲು ಬಳಿದಿದ್ದ ಯಾವುದೋ ಲೇಪ ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಕಿತ್ತುಬಂದು ಚಕ್ಕೆಚಕ್ಕೆಯಾಗಿ ಕಾರ್ಬ್ಯುರೇಟರಿನ ಜೆಟ್ಟಿಗೆ ಸಿಕ್ಕಿಕೊಂಡಿತ್ತು. ಮಿಶ್ರಣ ತೆಳುವಾಗಲು ಅದೂ ತನ್ನ ಪಾಲು ಸಲ್ಲಿಸಿತ್ತು. ಅಲ್ಲಿಗೆ ಇದು ಖರ್ಚಿನ ಮಾತು ಮಾತ್ರವಾಗಿತ್ತು. ಸೀಲು, ಪಿಸ್ಟನ್ನು, ಬೋರ್ ಎಲ್ಲ ಸೇರಿ ಹದಿನಾಲ್ಕು ಸಾವಿರ ಎಂದರು, ನಾನು ಒಪ್ಪಿದೆ.

ಆಮೇಲೆ ಅವರು ಕೆಲಸ ನಿಲ್ಲಿಸಿ ಚೌಕಟ್ಟನ್ನೇ ನೋಡುತ್ತ ಕುಳಿತರು. ಸ್ಪ್ಯಾನರಿನ ಹಿಡಿಯಿಂದ ಅದನ್ನು ಹಿಂದಿನಿಂದ ಮುಂದಕ್ಕೆ ತಟ್ಟುತ್ತ ಬಂದರು. ಠಣ್, ಠಣ್, ಠಣ್ ಎನ್ನುತ್ತಿದ್ದ ಸದ್ದು ಟ್ಯಾಂಕಿನ ಕೆಳಗೆ ಬಂದಾಗ ‘ದಬ್’ ಎಂದಿತು. ಸ್ಪೀಕರಿನ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಅದೇ ಜಾಗಕ್ಕೆ ಹಿಡಿದರೆ ಅದು ಅಂಟದೆ ಕೆಳಕ್ಕೆ ಜಾರಿತು, ಅಂದರೆ ಅಲ್ಲಿ ಕಬ್ಬಿಣದ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದೆ. ನನ್ನನ್ನು ಕೇಳಿಯೇ ಬಣ್ಣ ಕೆರೆದರು. ಒಳಗೆ ಗ್ಯಾಸ್ ವೆಲ್ಡಿಂಗಿನ ಗಂಟುಗಂಟು ಹೊಲಿಗೆ, ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಸಾಮಾನ್ಯ ರಾಜದೂತಿನ ಚೌಕಟ್ಟನ್ನು ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ಬೆಸೆದಿದ್ದರು. ಮುಂದಿನ ಚಕ್ರದ ಹಬ್ಬು ಒಂದು ಮೊಪೆಡ್ಡಿನದು. ‘ಎಂಜಿನ್ ಜಾಮಾಗಿದ್ದು ನಿಮ್ಮ ಪುಣ್ಯ, ಇದು ಓಡ್ತಾ ಇರುವಾಗ ಎರಡಾಗಿದ್ರೆ?’ ಎಂದರು. ನಾನು ಕೊಟ್ಟ ಕೂಲಿಯನ್ನು ತೆಗೆದುಕೊಳ್ಳಲಿಲ್ಲ.

ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. ಕಾಗದಪತ್ರ ಸರಿಯಿದ್ದರೆ ಅಸಲಿ ಚೌಕಟ್ಟನ್ನು ಎಲ್ಲಿಂದಾದರೂ ಹುಡುಕಿ ತರಬಹುದೆಂಬ ಆಸೆಯಿಂದ ಆರ್‌ಟಿಒ ಕಚೇರಿಗೆ ಹೋದೆ. ವಾಹನ ನಿರೀಕ್ಷಕರು ಹ್ಯಾಂಡಲ್ ತಿರುಗುವ ಕೊಳವೆಯ ಮೇಲಿನ ಚಾಸಿ ನಂಬರಿನ ಮೇಲೆ ತೆಳ್ಳನೆಯ ಬಿಳಿ ಕಾಗದವಿಟ್ಟು ಪೆನ್ಸಿಲ್ಲನ್ನು ಅಡ್ಡಲಾಗಿ ಮೆಲ್ಲಗೆ ಉಜ್ಜಿದರು. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. ಅಂಕಿಗಳು ಒಂದೊಂದಾಗಿ ಕಾಗದಕ್ಕೆ ಏರಿದವು, ಅವುಗಳ ಹಿಂದೆಯೇ ನೆರಳಿನಂತೆ ಬೇರೆ ಅಂಕಿಗಳೂ ಏರಿದವು. 4ರ ಬೆನ್ನಿಗೆ ಒಂದು 7ರ ಬಾಲ. 0ಯ ಒಳಗೆ ಅಡ್ಡಗೆರೆ. ಹಳೆಯ ನಂಬರನ್ನು ಗ್ರೈಂಡರಿನಿಂದ ಉಜ್ಜಿ, ಮೇಲೆ ಹೊಸದನ್ನು ಸುತ್ತಿಗೆಯಿಂದ ಒಂದೊಂದಾಗಿ ಹೊಡೆದಿದ್ದರು. ಬರಿಗಣ್ಣಿಗೆ ಬಣ್ಣದ ಕೆಳಗೆ ಕಾಣದಿದ್ದದ್ದು ಎರಡು ರೂಪಾಯಿಯ ಪೆನ್ಸಿಲ್ಲಿಗೆ ಕಂಡಿತು. ‘ಆರ್‌ಸಿ ಒಂದು ಗಾಡೀದು, ಕಬ್ಬಿಣ ಇನ್ನೊಂದರದು’ ಎಂದು ಅವರು ಕಾಗದವನ್ನು ಕಡತಕ್ಕೆ ಲಗತ್ತಿಸಿದರು.

ಮಾರಾಟಗಾರ ಹೇಳಿದ ವಿಂಟೇಜ್ ನೋಂದಣಿಯ ಸಂಗತಿಯೂ ಅಲ್ಲಿಯೇ ಸ್ಪಷ್ಟವಾಯಿತು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ನಂಬರು ಸಿಗುವುದು ನಿಜ. ಅದರ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿದ್ದರೆ ಅದು ವಿಂಟೇಜ್ ಎನಿಸಿಕೊಳ್ಳುವುದೇ ಇಲ್ಲ. ಸಿಕ್ಕರೂ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನು ಜಾಹೀರಾತು ಹಾಕುವವರಾರೂ ಹೇಳುವುದಿಲ್ಲ.

ಚಾಸಿ ನಂಬರ್ ತಿದ್ದಿದ ಗಾಡಿ ಯಾರ ಬಳಿ ಇದೆಯೋ ಅವರನ್ನೇ ಮೊದಲು ಅನುಮಾನಿಸುವುದು ಸಹಜ. ಠಾಣೆಯಲ್ಲಿ ನನ್ನನ್ನು ಕೂರಿಸಿ ಕೇಳಿದ ಮೊದಲ ಪ್ರಶ್ನೆ, ಇದು ಕದ್ದ ಮಾಲೆಂದು ನಿಮಗೆ ಗೊತ್ತಿತ್ತೇ ಎಂಬುದು. ಕದ್ದ ವಸ್ತುವನ್ನು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ನನಗೆ ತಿಳಿದಿರಲಿಲ್ಲವೆಂದು ತೋರಿಸಲು ನನ್ನ ಬಳಿ ಇದ್ದದ್ದು ಒಂದು ಜೆರಾಕ್ಸ್ ಮತ್ತು ‘ಕೈಸಾಲ ವಾಪಸು’ ಎಂಬ ನನ್ನದೇ ಬರಹ. ಪುಣ್ಯಕ್ಕೆ ವಾಟ್ಸಾಪ್ ಸಂದೇಶಗಳನ್ನು ಅಳಿಸಿರಲಿಲ್ಲ. ಪಂಚನಾಮೆ ಮಾಡಿ, ಕರೆದಾಗ ಗಾಡಿಯನ್ನು ಹಾಜರುಪಡಿಸುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಿದರು. ಮಾರಿದವನು ಮೊದಲ ಎರಡು ಕರೆಗಳಿಗೆ ‘ನಾನೂ ಮೋಸಹೋಗಿದ್ದೇನೆ ಸಾರ್’ ಎಂದ, ಮೂರನೆಯದಕ್ಕೆ ಫೋನೆತ್ತಲಿಲ್ಲ.

ಗ್ರಾಹಕ ಆಯೋಗಕ್ಕೂ ದೂರು ಕೊಟ್ಟಿದ್ದೇನೆ. ಇದು ಕೆಲವರಿಗಾದರೂ ಉಪಯೋಗವಾದೀತೆಂದು ಹೇಳುತ್ತೇನೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದಾಗಿ ಮಾರಿದವನ ಊರಿಗೆ ಅಲೆಯದೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಆದರೆ ಕೊಂಡದ್ದಕ್ಕೆ ಬಿಲ್ಲಿಲ್ಲದವನು ಅಲ್ಲಿ ಏದುಸಿರು ಬಿಡಬೇಕಾಗುತ್ತದೆ.

ಇಷ್ಟರ ಮೇಲೂ ಕೊಳ್ಳಲೇಬೇಕೆನ್ನುವವರಿಗೆ ನಾನು ಹೇಳುವುದಿಷ್ಟು. ಬಣ್ಣ ಬಳಿದ ಗಾಡಿಗಿಂತ ತುಕ್ಕು ಹಿಡಿದ ಗಾಡಿಯೇ ವಾಸಿ. ತುಕ್ಕಿನ ಕೆಳಗೆ ಏನನ್ನೂ ಬಚ್ಚಿಡಲಾಗುವುದಿಲ್ಲ, ರೆಸ್ಟೋರ್ ಮಾಡುವ ಸುಖವೂ ನಿಮ್ಮದೇ ಆಗುತ್ತದೆ. ನಾನು ಆ ಸುಖವನ್ನು ದುಡ್ಡು ಕೊಟ್ಟು ಬೇರೆಯವನಿಂದ ಮಾಡಿಸಿಕೊಳ್ಳಲು ಹೋದದ್ದೇ ಮೊದಲ ತಪ್ಪೆಂದು ಈಗನಿಸುತ್ತದೆ. ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ, ತೆಳುವಾದ ಕಾಗದ, ಪೆನ್ಸಿಲ್ ಇರಲಿ. ನಂಬರಿನ ಅಚ್ಚು ತೆಗೆಯಲು ಬಿಡದವನ ಜೊತೆ ಬೆಲೆಯ ಮಾತೇ ಬೇಡ. ಎಂಜಿನ್ ಬಿಸಿಯಾಗಿದ್ದರೆ ಅದು ಆರುವವರೆಗೆ ಚಹಾ ಕುಡಿಯುತ್ತ ಕೂತು, ತಣ್ಣಗಿನ ಎಂಜಿನ್ನನ್ನು ನಿಮ್ಮ ಕಾಲಿನಿಂದಲೇ ಕಿಕ್ ಹೊಡೆದು ನೋಡಿ. ಹಳೆಯ ಆರ್‌ಸಿಗಳ ವಿವರ ಎಷ್ಟೋ ಸಲ ಆನ್‌ಲೈನಿನಲ್ಲಿ ಇರುವುದೇ ಇಲ್ಲ, ‘ಆ್ಯಪಿನಲ್ಲಿ ಬರುವುದಿಲ್ಲ, ಅಷ್ಟೆ’ ಎಂಬ ಸಮಜಾಯಿಷಿಗೆ ಅಲ್ಲಿಯೇ ಜಾಗ ಸಿಗುವುದು. ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಖುದ್ದಾಗಿ ಹೋಗಿ ಮೂಲ ದಾಖಲೆಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ನಿಮ್ಮ ಪೆನ್ಸಿಲ್ ಅಚ್ಚಿಗೆ ತಾಳೆ ನೋಡಿದ ಮೇಲೆಯೇ ಹಣದ ಮಾತು. ಒಂದು ದಿನದ ಬಸ್ ಪ್ರಯಾಣ ಉಳಿಸಲು ಹೋಗಿ ನಾನು ಕಳೆದುಕೊಂಡದ್ದೆಷ್ಟೆಂದು ಮೇಲೆ ಬರೆದಿದ್ದೇನೆ.

ಕಳೆದ ತಿಂಗಳು ಗೆಳೆಯನೊಬ್ಬ ಮತ್ತೊಂದು ಜಾಹೀರಾತಿನ ಚಿತ್ರ ಕಳುಹಿಸಿ, ಇದು ಹೇಗಿದೆ ನೋಡು ಎಂದ. ಫೋನ್ ನಂಬರ್ ಬೇರೆ, ಹೆಸರು ಬೇರೆ, ಈ ಬಾರಿ ಗಾಡಿಯ ಬಣ್ಣ ಹಳದಿ. ಹಿಂದಿನ ಗೋಡೆ ಮಾತ್ರ ಅದೇ ಪಾಚಿ ಹಸಿರಿನದು. ಅದಕ್ಕೆ ಒರಗಿಸಿದ್ದ ಕಬ್ಬಿಣದ ಏಣಿಯ ಮೂರನೆಯ ಮೆಟ್ಟಿಲು ನನ್ನ ಗಾಡಿಯ ಚಿತ್ರದಲ್ಲಿದ್ದಂತೆಯೇ ಕಿತ್ತುಹೋಗಿತ್ತು.