ತೊಟ್ಟೆಯಲ್ಲಿ ಬೇರು ಸುತ್ತಿದ ಗಿಡ: ಹಾಗೇ ನೆಡುದಾ, ತೊಳೆಯುದಾ, ಕೊಯ್ಯುದಾ?

ನರ್ಸರಿಯಲ್ಲಿ ವರ್ಷಗಟ್ಲೆ ತೊಟ್ಟೆಯಲ್ಲೇ (ಪ್ಲಾಸ್ಟಿಕ್ ಚೀಲದಲ್ಲೇ) ಬಾಕಿಯಾದ ಕಸಿ ಮಾವು, ಹಲಸು ಎಲ್ಲ ರೇಟು ಕಡಿಮೆಗೆ ಸಿಗ್ತದೆ ಅಂತ ನಾವು ತರುದುಂಟಲ್ಲ, ಮನೆಗೆ ತಂದು ತೊಟ್ಟೆ ಹರಿದು ನೋಡಿದ್ರೆ ಒಳಗೆ ಮಣ್ಣಿಗಿಂತ ಬೇರೇ ಜಾಸ್ತಿ. ಬದಿಯಡ್ಕ ಹತ್ರ ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡೆಯಲ್ಲಿ ಇಂಥವನ್ನು ಬೇರೆ ಬೇರೆ ನಮೂನೆ ನೆಟ್ಟು ನೋಡಿದ್ದೇನೆ.

ಬೇರು ಮುಟ್ಟದೆ ಹಾಗೇ ನೆಟ್ಟದ್ದು ಮೊದಲ ಮಳೆಗಾಲದಲ್ಲಿ ಎಲ್ಲಕ್ಕಿಂತ ಚಂದ ಕಾಣ್ತದೆ, ಒಂದು ಎಲೆಯೂ ಬಾಡುದಿಲ್ಲ. ಬೇಸಗೆ ಬರ್ಲಿ, ಆಗ ಗೊತ್ತಾಗ್ತದೆ. ಬುಡ ಹಿಡಿದು ನೋಡಿದ್ರೆ ಬೀಳ್ಲಿಕ್ಕಾದ ಹಾಲುಹಲ್ಲಿನ ಹಾಗೆ ಅಲ್ಲಾಡ್ತದೆ, ಎಂತಕೆ ಅಂದ್ರೆ ಸುತ್ತಿದ ಬೇರು ತನ್ನಷ್ಟಕ್ಕೆ ನೆಟ್ಟಗಾಗುದಿಲ್ಲ, ದಪ್ಪ ಆದ ಹಾಗೆ ಬುಡವನ್ನೇ ಬಿಗೀತದೆ.

ಮಣ್ಣೆಲ್ಲ ತೊಳೆದು ಬೇರು ಬಿಡಿಸಿ ನೆಡುದು ವಿಡಿಯೋಗಳಲ್ಲಿ ಜೋರುಂಟು. ಅದು ಚಳಿಗೆ ಎಲೆ ಉದುರಿಸಿ ಮಲಗುವ ಮರಕ್ಕೆ ಆದೀತು, ನಮ್ಮ ಮರಗಳಿಗೆ ಅಂಥ ರಜೆ ಎಲ್ಲಿ ಮಾರಾಯ್ರೆ, ಎಲೆಗೆ ದಿನಾ ನೀರು ಬೇಕು, ಆ ನೀರು ಎಳೆಯುವ ಸಪೂರ ಬೇರು ತೊಳೆಯುವಾಗಲೇ ಹೋಗಿರ್ತದೆ. ಮಾವು ಎಲೆ ಬಿಟ್ಟು ತಡವಾಗಿ ಚಿಗುರಿತು, ಹಲಸು ಒಣಗಿಯೇ ಹೋಯ್ತು. ಮ್ಯಾಂಗೋಸ್ಟೀನಿಗಂತೂ ಬೇಡವೇ ಬೇಡ, ಅದಕ್ಕೆ ಮೊದಲೇ ಪಕ್ಕದ ಬೇರು ಕಡಿಮೆ.

ಮಾವಿಗೆ ನನ್ನ ಓಟು ಪೀಶಕತ್ತಿಗೆ. ನಾಲ್ಕು ಬದಿಯಲ್ಲಿ ಮೇಲಿಂದ ಕೆಳಗೆ ಸುಮಾರು 1 ಇಂಚು ಆಳ ಸೀಳಿ, ಅಡಿಯಲ್ಲಿ ಒತ್ತಾಗಿ ಹೆಣೆದುಕೊಂಡದ್ದನ್ನು ಕೊಯ್ದು ತೆಗೆದ್ರಾಯ್ತು. ಕೊಯ್ದಲ್ಲಿಂದ ಹೊಸ ಬೇರು ಹೊರಗಡೆಗೇ ಹೋಗ್ತದೆ. ಹಲಸು, ರಂಬುಟಾನಿಗೆ ಇಷ್ಟು ಧೈರ್ಯ ಬೇಡ, ಹೊರಗಿನ ಸುತ್ತು ಮಾತ್ರ ಕತ್ತರಿಸಿ ತಾಯಿಬೇರಿನ ತಂಟೆಗೆ ಹೋಗದಿದ್ರೆ ಒಳ್ಳೇದು.

ಆದ್ರೆ ಯಾವ ನಮೂನೆ ನೆಟ್ರೂ ಗಿಡ ಸಾಯುದು ಹೆಚ್ಚಾಗಿ ನೀರಿನ ವಿಷಯದಲ್ಲಿ. ತೊಟ್ಟೆಯೊಳಗೆ ಬೇರು ತುಂಬಿದ ಮುದ್ದೆ ಒಮ್ಮೆ ಪೂರ್ತಿ ಒಣಗಿದ್ರೆ ಮತ್ತೆ ಸುಲಭದಲ್ಲಿ ನೀರು ಹೀರುದಿಲ್ಲ, ನೀವು ಹಾಕಿದ್ದು ಬದಿಯಿಂದ ಇಳಿದು ಹೋಗ್ತದೆ, ಕಟ್ಟೆ ಇಡೀ ಚಂಡಿ ಇದ್ರೂ ಬೇರಿನ ಮುದ್ದೆ ಒಳಗೆ ಒಣ ಒಣ. ನೆಡುವ ಮೊದಲು ಬಾಲ್ದಿಯಲ್ಲಿ ಗುಳ್ಳೆ ಬರುದು ನಿಲ್ಲುವವರೆಗೆ ಮುಳುಗಿಸಿಡಿ. ಹನಿ ನೀರು ಬಿಡುವ ಡ್ರಿಪ್ಪರನ್ನು ಒಂದಡಿ ದೂರ ಇಟ್ಟದ್ದೂ ಬುಡದ ಹತ್ರ ಮುದ್ದೆಯ ಮೇಲೇ ಇಟ್ಟದ್ದೂ ಎರಡೂ ನೋಡಿದ್ದೇನೆ, ಮೊದಲ ಬೇಸಗೆಗೆ ಎರಡನೇದೇ ಸರಿ, ದೂರ ಸರಿಸುದು ಬೇರು ಹೊರಗೆ ಓಡಿದ ಮೇಲೆ.

ಟೈಮಿನ ವಿಷಯದಲ್ಲಿ ಜೂನಾ ಸೆಪ್ಟೆಂಬರಾ ಅಂತ ನಮ್ಮಲ್ಲಿ ಚರ್ಚೆ ಮುಗಿಯುದೇ ಇಲ್ಲ. ವರ್ಷಕ್ಕೆ 3000 ಮಿ.ಮೀ.ಗಿಂತ ಮೇಲೆ ಮಳೆ ಬೀಳುವ ಊರು, ಮುರಕಲ್ಲಲ್ಲಿ ತೆಗೆದ ಹೊಂಡದಲ್ಲಿ ನೀರು ನಿಂತ್ರೆ ಕೊಯ್ದ ಬೇರು ಕೊಳೀತದೆ. ಸೆಪ್ಟೆಂಬರಿನಲ್ಲಿ ಆ ಹೆದರಿಕೆ ಕಡಿಮೆ, ಆದ್ರೆ ಬೇರು ಓಡುವ ಮೊದಲೇ ಬಿಸಿಲು ಬಂತು. ಹೊಂಡ ಪೂರ್ತಿ ತುಂಬಿಸಿ ಅರ್ಧ ಅಡಿ ದಿಬ್ಬ ಮಾಡಿ ನೆಡುದಾದ್ರೆ ಜೂನೇ ನನಗೆ ಇಷ್ಟ, ದಿಬ್ಬ ಮಾಡ್ಲಿಕ್ಕೆ ಉದಾಸೀನ ಆಗುವವರು ಸೆಪ್ಟೆಂಬರಿಗೆ ಕಾಯಿರಿ. ಅಂದಹಾಗೆ ಮುರಕಲ್ಲು ಮೆದು ಆಗ್ಲಿಕ್ಕೆ ತೆಂಗಿನ ಹೊಂಡಕ್ಕೆ 2 ಕಿಲೋ ಉಪ್ಪು ಹಾಕುವ ಕ್ರಮ ಮಾವಿಗೆ ಬೇಡ, ತೆಂಗು ತಡೆಯುವಷ್ಟು ಉಪ್ಪು ಮಾವು ತಡೆಯುದಿಲ್ಲ.

ಬುಡದಲ್ಲೇ ಹೆಬ್ಬೆರಳಿನಷ್ಟು ದಪ್ಪ ಬೇರು ಸುತ್ತಿದ್ದು ಕಂಡ್ರೆ ಇದ್ಯಾವುದೂ ಬೇಡ, ಅದನ್ನು ನರ್ಸರಿಯಲ್ಲೇ ಬಿಟ್ಟು ಪಕ್ಕದ ಸಣ್ಣ ಗಿಡ ತನ್ನಿ.